ನೊಣದ ನಿದ್ದೆ, ಮಗಳ ನಿದ್ದೆ

2020ರ ಬೇಸಿಗೆಯನ್ನು ನಾವು ಮರೆಯುವಂತಿಲ್ಲ. ಮಗಳು ಆಗ ಬಿ.ಎಸ್‌ಸಿ. ಎರಡನೆಯ ವರ್ಷದಲ್ಲಿದ್ದಳು. ರಜೆಯ ಎರಡು ತಿಂಗಳು ಬೆಂಗಳೂರಿನ ಪ್ರಯೋಗಶಾಲೆಯೊಂದರಲ್ಲಿ ಸಂಶೋಧನೆ ಕಲಿಯಲು ಆಕೆಗೆ ಕರೆ ಬಂದಿತ್ತು. ದೇಶದ ಮೂರು ವಿಜ್ಞಾನ ಅಕಾಡೆಮಿಗಳೂ ಹಲವು ಸಂಸ್ಥೆಗಳೂ ಇಂಥ ಅವಕಾಶ ಕಲ್ಪಿಸುವುದನ್ನು ವಾಚಕರು ಬಲ್ಲರು. ಡೊಂಬಿವಲಿಯ ಒಂದೂವರೆ ಕೋಣೆಯಲ್ಲಿ ಬೆಳೆದ ಹುಡುಗಿ ವಿಜ್ಞಾನದ ಜೊತೆಗೆ ನಾಲ್ಕು ಜನರೊಡನೆ ಕನ್ನಡವಾಡಿ ಬರುವಳೆಂದು ನಾವು ಹಿಗ್ಗಿದೆವು.

ಮಾರ್ಚ್ 25ರಿಂದ ದೇಶಕ್ಕೇ ಬೀಗ ಬಿತ್ತು. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಟಿಕೆಟು ರದ್ದಾಯಿತು. ಮನೆಯಿಂದಲೇ ಕೆಲಸ ಮಾಡಬಹುದೆಂದು ಮಾರ್ಗದರ್ಶಕಿ ತಿಳಿಸಿದಾಗ, ಬದುಕಿದೆವು ಎಂದುಕೊಂಡೆವು.

ಆಕೆಗೆ ಬಂದದ್ದು ಹಣ್ಣುನೊಣಗಳ ನಿದ್ದೆಯ ಲೆಕ್ಕ. ಗಾಜಿನ ಸಣ್ಣ ಕೊಳವೆಯಲ್ಲಿ ಒಂದೊಂದು ನೊಣ; ಅದು ಅತ್ತಿತ್ತ ಓಡಾಡಿದಾಗಲೆಲ್ಲ ಕಣ್ಣಿಗೆ ಕಾಣದ ಕಿರಣಕ್ಕೆ ಅಡ್ಡಬಂದು ಎಣಿಕೆಯಾಗುತ್ತದೆ. 5 ನಿಮಿಷ ಅಲುಗದಿದ್ದರೆ ನೊಣ ಮಲಗಿದೆಯೆಂದು ಲೆಕ್ಕ. ಹಿಂದೆ ದೊರೆತಿದ್ದ ಅಂಕಿಗಳನ್ನು ಅಡಿಗೆಮನೆಯ ಮೂಲೆಯಲ್ಲಿ ಕುಳಿತು ಆಕೆ ವಿಂಗಡಿಸಬೇಕು.

ಮೂರನೆಯ ವಾರಕ್ಕೆ ಹುಡುಗಿಯ ಊಟ ಇಳಿಯಿತು, ಮಾತು ನಿಂತಿತು. ರಾತ್ರಿ 2 ಗಂಟೆಗೂ ದೀಪ ಉರಿಯುತ್ತಿತ್ತು. ನಾವು ಅದನ್ನು ಶ್ರದ್ಧೆಯೆಂದು ತಿಳಿದು, ಊರಿನ ಬಂಧುಗಳಿಗೆ ಫೋನು ಮಾಡಿದಾಗಲೆಲ್ಲ ಕೊಂಡಾಡಿದೆವು. ಅದು ನಮ್ಮ ತಪ್ಪು, ಒಪ್ಪಿಕೊಳ್ಳಲೇಬೇಕು.

ಒಂದು ರಾತ್ರಿ ನಮ್ಮ ಮನೆಯಾಕೆ ಬಿಸಿ ಹಾಲು ತಂದಿಟ್ಟು, "ನೊಣದ ನಿದ್ದಿ ಲೆಕ್ಕಾ ಮಾಡ್ತೀಯಲ್ಲವಾ, ನಿನ್ನ ನಿದ್ದಿ ಲೆಕ್ಕಾ ಯಾರು ಇಡಬೇಕು?" ಎಂದಳು. ಅಷ್ಟಕ್ಕೇ ಕಟ್ಟೆಯೊಡೆಯಿತು. "ನನಗ ಏನೂ ತಿಳಿಯೂದಿಲ್ಲವ್ವಾ. ಉಳಿದವರಿಗೆಲ್ಲಾ ತಿಳೀತದ. ಕೇಳಿದ್ರ ನಾ ದಡ್ಡಿ ಅಂತ ಗೊತ್ತಾಗ್ತದ," ಎಂದು ಅತ್ತುಬಿಟ್ಟಳು.

ಪ್ರಯೋಗಶಾಲೆಯಲ್ಲಾಗಿದ್ದರೆ ಪಕ್ಕದವಳನ್ನು ಕೇಳುತ್ತಿದ್ದಳು. ಚಹದ ಹೊತ್ತಿಗೆ ಎಲ್ಲರದೂ ಅದೇ ಪಾಡೆಂದು ತಿಳಿಯುತ್ತಿತ್ತು. ಪರದೆಯ ಮುಂದೆ ಕುಳಿತವರಿಗೆ ಆ ಚಹದ ಹೊತ್ತೇ ಇರಲಿಲ್ಲ.

ಮರುದಿನ ಆಕೆ ಇದ್ದದ್ದನ್ನು ಇದ್ದಂತೆ ಮಾರ್ಗದರ್ಶಕಿಗೆ ಬರೆದಳು. ಆ ಮಹಾತಾಯಿ ಅಂದೇ ಫೋನು ಮಾಡಿ ಅರ್ಧ ಕೆಲಸ ಸಾಕೆಂದರು. ದಿನವೂ ಸಂಜೆ ಕೆಲಸದ ಸುದ್ದಿಯೆತ್ತದೆ ವಿದ್ಯಾರ್ಥಿಗಳೆಲ್ಲ ಅರ್ಧ ಗಂಟೆ ಹರಟುವ ಏರ್ಪಾಟು ಮಾಡಿದರು. ಉಳಿದವರಿಗೂ ಏನೂ ತಿಳಿದಿರಲಿಲ್ಲವೆಂಬುದು ಮೊದಲ ಸಂಜೆಯೇ ಹೊರಬಿತ್ತು! ಆ ರಾತ್ರಿ ಹುಡುಗಿ 10 ಗಂಟೆಗೇ ಮಲಗಿದಳು. ಬಹಳ ಹೊತ್ತು ಎಚ್ಚರವಿದ್ದವರು ನಾವು.

2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆ 14416ರಲ್ಲಿ ಕನ್ನಡದಲ್ಲಿಯೂ ದೊರೆಯುತ್ತದೆ. ಬೇಕಾದಾಗ ಸಂಕೋಚಪಡದೆ ಬಳಸಬೇಕು. ಆದರೆ ಮೊದಲು ಕೇಳಬೇಕಾದವರು ಮನೆಯವರೇ. ಈಗ ನಾವು "ಎಷ್ಟು ಓದಿದಿ?" ಎನ್ನುವ ಮೊದಲು "ನಿದ್ದಿ ಬಂತೇನವಾ?" ಎಂದು ಕೇಳುತ್ತೇವೆ.