ಶಾಲು, ಹಾರದ ಜೊತೆಗೆ

2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶದ ಹತ್ತು ಲಕ್ಷಕ್ಕೂ ಹೆಚ್ಚು ಆಶಾ ಕಾರ್ಯಕರ್ತೆಯರನ್ನು ಜಾಗತಿಕ ಪ್ರಶಸ್ತಿ ಕೊಟ್ಟು ಗೌರವಿಸಿತು. 2025ರ ಜನವರಿ ಚಳಿಯಲ್ಲಿ ನಮ್ಮ ರಾಜ್ಯದ ಆಶಾಗಳು ಗೌರವಧನ ಹೆಚ್ಚಿಸಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತಿದ್ದರು.

ಹೆರಿಗೆಗೆ ಆಸ್ಪತ್ರೆಗೆ ಕರೆತಂದರೆ ಇಷ್ಟು, ಮಗುವಿಗೆ ಲಸಿಕೆ ಪೂರ್ತಿ ಹಾಕಿಸಿದರೆ ಇಷ್ಟು ಎಂದು ಪ್ರೋತ್ಸಾಹಧನದ ಪಟ್ಟಿಯೇನೋ ಇದೆ. ಆಸ್ಪತ್ರೆ ಬೇಡವೆಂದು ಹಟ ಹಿಡಿದ ಅತ್ತೆಯನ್ನು ಒಪ್ಪಿಸಿದ್ದು, ಹೆದರಿದ ಚೊಚ್ಚಲ ಬಸುರಿಯ ಕೈ ಹಿಡಿದು ಕೂತಿದ್ದು ಆ ಪಟ್ಟಿಯಲ್ಲಿಲ್ಲ. ಆದರೆ ಇಡೀ ಕೆಲಸ ನಿಂತಿರುವುದು ಇಂಥವುಗಳ ಮೇಲೆಯೇ.

ಶಾಲು, ಹಾರ, ಫಲಕ ಎಲ್ಲವೂ ಇರಲಿ. ಜೊತೆಗೆ ತಿಂಗಳ ದುಡ್ಡು ಆಯಾ ತಿಂಗಳೇ ಖಾತೆಗೆ ಬೀಳಲಿ. ಅದು ಸರ್ಕಾರದ ಕೆಲಸ. ಆಶಾ ಮನೆ ಬಾಗಿಲಿಗೆ ಬಂದಾಗ ‘ಬನ್ನಿ ಅಕ್ಕ, ಕೂತ್ಕೊಳ್ಳಿ’ ಅನ್ನೋದು ನಮ್ಮದು.