ಎದೆ ಒತ್ತುವಾಗ ಯಾವ ಲೆಕ್ಕ?

ಸಂಡೂರಿನ ಕಡೆ ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಷ್ಟೇ ಮರ್ಯಾದೆ. ಗಣಿಯಲ್ಲಿ ಮೇಟ್, ಬ್ಲಾಸ್ಟರ್, ಫೋರ್‌ಮನ್ ಪರೀಕ್ಷೆಗೆ ಕೂರಬೇಕಾದವರಿಗೆ ಸೇಂಟ್ ಜಾನ್ ಆಂಬುಲೆನ್ಸ್‌ನವರ ಆ ಕಾಗದ ಬೇಕೇ ಬೇಕು. ಹಾಗಾಗಿ ದೋಣಿಮಲೈ, ದೇವಗಿರಿ ಸುತ್ತಿನ ಹುಡುಗರು ಕೆಲಸದ ಆಸೆಗೆ ಕಲಿಯಲು ಬರುತ್ತಾರೆ. ನಾನು ಗಣಿಯವನಲ್ಲ. ಅದಿರು ಲಾರಿಗಳ ನಡುವೆ ಬೈಕ್ ಓಡಿಸುವ ಹೊಸಪೇಟೆಯವನು. ಅಪಘಾತದಲ್ಲಿ ನೆರವಾದವರನ್ನು ಕೇಸಿಗೆ ಎಳೆಯುವಂತಿಲ್ಲ ಎಂದು 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿತು. ಪೊಲೀಸರ ಭಯ ಹೋಯಿತು, ಸರಿ. ಆಮೇಲೆ ಮಾಡುವುದೇನು ಎಂದು ತಿಳಿಯಬೇಕಲ್ಲ? ಅದಕ್ಕೇ ಸೇರಿದೆ.

ಪಾಠ ಕನ್ನಡದಲ್ಲಿ, ಸಂಶಯಗಳೆಲ್ಲ ತೆಲುಗಿನಲ್ಲಿ. ಆ ತೆಲುಗಿನಲ್ಲೂ ಎರಡು ಬಗೆ. ಬಳ್ಳಾರಿ, ರಾಯದುರ್ಗದ ಕಡೆಯದು ಕನ್ನಡದ ಜೊತೆ ಬೆರೆತುಹೋದದ್ದು. ತುಂಗಭದ್ರಾ ಕಾಲುವೆ ಬಂದ ಮೇಲೆ ಭತ್ತ ಬೆಳೆಯಲು ಬಂದು ನೆಲೆಸಿದವರ ಕ್ಯಾಂಪುಗಳದ್ದು ಕರಾವಳಿ ಆಂಧ್ರದ್ದು. ಇವರ ಮಾತಿಗೆ ಅವರು ನಗುತ್ತಾರೆ, ಅವರ ಮಾತಿಗೆ ಇವರು.

ಪ್ರಾಯೋಗಿಕ ಪರೀಕ್ಷೆಯಲ್ಲಿ ಬ್ಯಾಂಡೇಜಿನ ಭಾಗ ಸಲೀಸು. ತ್ರಿಕೋನದ ಬಟ್ಟೆ, ಮುರಿದ ಮುಂಗೈಗೆ ದಬ್ಬೆ, ಕೊರಳಿಗೆ ಜೋಲಿ. ಗಂಟು ಗಾಯದ ಮೇಲೆ ಬರಬಾರದು, ಉಗುರಿನ ಬಣ್ಣ ನೋಡುತ್ತಿರಬೇಕು, ಮುಗಿಯಿತು.

ಕಷ್ಟ ಬಂದದ್ದು ಬೊಂಬೆಯ ಎದೆ ಒತ್ತುವಾಗ. ಮೂವತ್ತು ಸಲ ಒತ್ತಬೇಕು, ಎರಡು ಸಲ ಉಸಿರು ಕೊಡಬೇಕು. ನಿಮಿಷಕ್ಕೆ 100ರಿಂದ 120ರ ವೇಗ, ಆಳ 5 ಸೆಂಟಿಮೀಟರಿಗೆ ಕಡಿಮೆಯಾಗಬಾರದು, 6 ದಾಟಬಾರದು. ಅಂದರೆ ಮೂವತ್ತೂ ಹದಿನೆಂಟು ಸೆಕೆಂಡಿನೊಳಗೆ ಮುಗಿಯಬೇಕು, ಅದೂ ಗಟ್ಟಿಯಾಗಿ ಎಣಿಸುತ್ತ. ಒಂದರಿಂದ ಹತ್ತರವರೆಗೆ ಕನ್ನಡ ಚುರುಕು. ಇಪ್ಪತ್ತು ದಾಟಿತೋ, ‘ಇಪ್ಪತ್ತೇಳು, ಇಪ್ಪತ್ತೆಂಟು’ ಎನ್ನುವಷ್ಟರಲ್ಲಿ ಕೈ ನಾಲಿಗೆಗಾಗಿ ಕಾಯುತ್ತ ನಿಲ್ಲುತ್ತದೆ. ತೆಲುಗಿನವರಿಗೆ ಇನ್ನೂ ಬೇಗ, ‘ಎನಿಮಿದಿ, ತೊಮ್ಮಿದಿ’ಯಲ್ಲೇ ತಾಳ ತಪ್ಪುತ್ತದೆ. ಇಂಗ್ಲಿಷಿನಲ್ಲಿ ಎಣಿಸಿದವರು ‘ಟ್ವೆಂಟಿ ಸೆವೆನ್’ನಲ್ಲಿ ಎಡವಿದರು, ಅವರದ್ದೇನೂ ಹೆಚ್ಚಿಲ್ಲ. ಕೊನೆಗೆ ಎಲ್ಲರೂ ಹತ್ತರ ಲೆಕ್ಕವನ್ನೇ ಮೂರು ಸಲ ಹಾಕಿದೆವು. ಕಂಪ್ಲಿಯ ಹಿರಿಯರೊಬ್ಬರು ಕಣದಲ್ಲಿ ಭತ್ತ ಅಳೆಯುವವರಂತೆ ಒಂದರ ಬದಲು ‘ಲಾಭ’ ಎಂದೇ ಶುರುಮಾಡಿದರು. ವೇಗ ಸರಿಯಿತ್ತು, ಪರೀಕ್ಷಕ ಡಾಕ್ಟರು ತಕರಾರು ಮಾಡಲಿಲ್ಲ.

ನನ್ನ ತಕರಾರು ಬೇರೆ. ಬೊಂಬೆ ಮಾತಾಡುವುದಿಲ್ಲ, ರೋಗಿಯಾಗಿ ಮಲಗುವ ಸಹಪಾಠಿಯೂ ಕೊಟ್ಟ ಕೈ ಹಿಡಿದುಕೊಂಡು ಸುಮ್ಮನಿರುತ್ತಾನೆ. ಹೊರಗೆ ಹಾಗಾಗುತ್ತದೆಯೇ? ಹಂಪಿಯ ಚಕ್ರತೀರ್ಥದ ಬಳಿ ನೀರಿನಿಂದ ಎತ್ತಿದವರ ಸುತ್ತ ಹತ್ತು ಜನ ಸೇರಿ ಹೊಟ್ಟೆ ಅಮುಕಿ ನೀರು ತೆಗೆಯಿರಿ ಎನ್ನುತ್ತಾರೆ. ಬೇಕಾದದ್ದು ನೀರು ತೆಗೆಯುವುದಲ್ಲ, ಉಸಿರು ಕೊಡುವುದು. ಅದನ್ನು ಆ ಹತ್ತು ಜನರಿಗೆ ಅವರವರ ಮಾತಿನಲ್ಲಿ, ಕೈ ನಿಲ್ಲಿಸದೆ ಹೇಳಬೇಕು. ಈ ಕೌಶಲಕ್ಕೆ ಅಂಕವಿಲ್ಲ.

ಒಮ್ಮೆ ಮಾತ್ರ ಇತ್ತು. ರಾಜ್ಯ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಗಳ ಸಾಲಿಗೆ ಸೇರಿಸಿದೆ, ಆಸ್ಪತ್ರೆಗಳು ಪ್ರತಿ ಪ್ರಕರಣ ವರದಿ ಮಾಡಬೇಕು. ಡಾಕ್ಟರು ಅದನ್ನು ಹೇಳಿ, ಕಂಪ್ಲಿ ಕ್ಯಾಂಪಿನ ಹುಡುಗನನ್ನು ಗದ್ದೆಯ ಹಾವಿನ ಬಗ್ಗೆ ಕೇಳಿದರು. ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು. ಮುರಿದ ಕಾಲಿನ ಹಾಗೆ ದಬ್ಬೆ ಕಟ್ಟಿ ಅಲುಗದಂತೆ ಮಲಗಿಸಿ 108ಕ್ಕೆ ಫೋನ್ ಮಾಡಬೇಕು ಎಂದ ಅವನು. ಡಾಕ್ಟರು ತಟ್ಟನೆ ಅಜ್ಜಿಯಾದರು: ‘ಮುಂದು ಮಂತ್ರಂ ವೇಯಿದ್ದಾಂರಾ!’ ಮೊದಲು ಮಂತ್ರ ಹಾಕಿಸೋಣ ಎಂಬ ಹಟ. ಹುಡುಗ ವಾದಕ್ಕಿಳಿಯಲಿಲ್ಲ. ‘ಅಂಬುಲೆನ್ಸ್ ವಚ್ಚೇದಾಕಾ ವೇಯಿಂಚು ಅಮ್ಮಮ್ಮಾ, ಕಾಲು ಮಾತ್ರಂ ಕದಲ್ಚೊದ್ದು’ ಎಂದ. ಗಾಡಿ ಬರೋ ತನಕ ಹಾಕಿಸು, ಕಾಲು ಮಾತ್ರ ಅಲುಗಿಸಬೇಡ. ಡಾಕ್ಟರು ನಗುತ್ತ ಪಾಸ್ ಎಂದು ಬರೆದು ಮುಂದಿನವರನ್ನು ಕರೆದರು.