ಕಾಫಿ ಗುಡ್ಡದ ಲೆಕ್ಕ, ಗಾಲ್ಫ್ ಅಂಗಳದ ಲೆಕ್ಕ

ಕಳಸದಲ್ಲಿ ನಿಂತು ಸುತ್ತ ನೋಡಿದರೆ, ಇಟ್ಟ ಚೆಂಡು ಉರುಳದೆ ನಿಲ್ಲುವಷ್ಟು ಸಮತಟ್ಟಾದ ಜಾಗ ಸಿಗುವುದು ಕಷ್ಟ. ಇದ್ದ ಬಯಲೆಲ್ಲ ಗದ್ದೆ. ಉಳಿದದ್ದು ಗುಡ್ಡ, ಗುಡ್ಡದ ಮೈತುಂಬ ಕಾಫಿ, ಕಾಫಿಯ ನೆತ್ತಿಯ ಮೇಲೆ ನೆರಳಿನ ಮರ. ಅಲ್ಲಿಂದ ಕೊಟ್ಟಿಗೆಹಾರ, ಮೂಡಿಗೆರೆ, ಆಲ್ದೂರು ಹಾದು ಚಿಕ್ಕಮಗಳೂರಿನತ್ತ ಬಂದಂತೆ ಘಟ್ಟದಂಚಿನ ಜಡಿಮಳೆ ಸೌಮ್ಯವಾಗುತ್ತದೆ, ನೆಲ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಗಾಲ್ಫ್ ಆಡುವ ಹಸಿರು ಹುಲ್ಲು ಕಳಸದಲ್ಲಿ ಬೇರೂರದೆ ಚಿಕ್ಕಮಗಳೂರಿನ ಮಗ್ಗುಲಲ್ಲಿ ಬೇರೂರಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಗಾಲ್ಫ್ ಎಂದೊಡನೆ ಮಲೆನಾಡಿನ ಮಂದಿಗೆ ನೆನಪಾಗುವುದು ಎಸ್ಟೇಟ್ ಸಾಹುಕಾರರು, ಅವರ ಜೀಪು, ಭಾನುವಾರದ ಕ್ಲಬ್ಬು. ಬಿಡುವಿದ್ದವರ ಆಟ ಎಂಬ ಮಾತಿದೆ. ಆದರೆ ಅದನ್ನೇ ಹೊಟ್ಟೆಪಾಡು ಮಾಡಿಕೊಂಡವರ ಜಗತ್ತು ಬೇರೆಯೇ. 2006ರಲ್ಲಿ ಶುರುವಾದ ಪ್ರೊಫೆಷನಲ್ ಗಾಲ್ಫ್ ಟೂರ್ ಆಫ್ ಇಂಡಿಯಾ ಎಂಬ ಸಂಸ್ಥೆ ಬೆಂಗಳೂರು, ದೆಹಲಿ, ಚಂಡೀಗಡ, ಕೋಲ್ಕತ್ತ ಮುಂತಾದ ಊರುಗಳಲ್ಲಿ ವರ್ಷವಿಡೀ ಸರಣಿ ಟೂರ್ನಿ ನಡೆಸುತ್ತದೆ. ಆಟಗಾರ ಚೀಲ ಹೊತ್ತು ಊರಿಂದೂರಿಗೆ ತಿರುಗಬೇಕು.

ಆ ತಿರುಗಾಟದ ಲೆಕ್ಕ ಯಾವುದೇ ಕಾಫಿ ಬೆಳೆಗಾರನಿಗೆ ಥಟ್ಟನೆ ಅರ್ಥವಾದೀತು. ತೋಟದಲ್ಲಿ ಮೊದಲು ಖರ್ಚು. ಮರಗಸಿ, ಗೊಬ್ಬರ, ಔಷಧಿ, ಆಳುಗಳ ಬಟವಾಡೆ ಎಂದು ವರ್ಷವಿಡೀ ಕೈಯಿಂದ ಹೋಗುತ್ತಲೇ ಇರುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಂದರೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಅದರ ಬೆನ್ನಿಗೆ ಇನ್ನೊಂದು ಮಳೆ ಬಾರದಿದ್ದರೆ ಕಾಯಿ ಕಚ್ಚುವುದಿಲ್ಲ. ಕಚ್ಚಿದ್ದನ್ನೂ ಜುಲೈನ ಮಳೆ ಉದುರಿಸಬಹುದು. ಕೈಗೆ ಕಾಸು ಬರುವುದು ಕೊಯ್ಲು ಮುಗಿದು ಕಣದಲ್ಲಿ ಒಣಗಿದ ಮೇಲೆ.

ಗಾಲ್ಫ್ ಆಟಗಾರನದ್ದೂ ಇದೇ ಕಥೆ ನೋಡಿ. ಪ್ರವೇಶ ಶುಲ್ಕ, ರೈಲು ಖರ್ಚು, ಕೋಣೆ ಬಾಡಿಗೆ, ಚೀಲ ಹೊರುವ ಕ್ಯಾಡಿಯ ಸಂಬಳ ಎಲ್ಲವೂ ಮೊದಲೇ, ಅವನದೇ ಜೇಬಿನಿಂದ. ಟೂರ್ನಿ ಸಾಮಾನ್ಯವಾಗಿ ನಾಲ್ಕು ದಿನ, ದಿನಕ್ಕೆ 18 ಕುಳಿ. ಎರಡು ದಿನ ಮುಗಿದೊಡನೆ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ಹೊರಗೆ ಕಳಿಸುತ್ತಾರೆ. ಇದಕ್ಕೆ 'ಕಟ್' ಎನ್ನುತ್ತಾರೆ. ಕಟ್ ದಾಟದವನಿಗೆ ಬಹುಮಾನದಲ್ಲಿ ಒಂದು ಪೈಸೆಯೂ ಇಲ್ಲ. ಒಂದು ಕೋಟಿ ರೂಪಾಯಿಯ ಟೂರ್ನಿಯಲ್ಲಿ ಗೆದ್ದವನಿಗೆ 15 ಲಕ್ಷ ಸಿಗುತ್ತದೆ, ನಿಜ. ಪತ್ರಿಕೆಯಲ್ಲಿ ಫೋಟೊ ಬರುವುದು ಅವನದೇ. ಶುಕ್ರವಾರ ಸಂಜೆಯೇ ಚೀಲ ಕಟ್ಟಿ ಹೊರಟವನ ಫೋಟೊ ಯಾರು ಹಾಕುತ್ತಾರೆ?

ಬೆಳೆಗಾರನಿಗೆ ಹಿಂದೆ ಒಂದು ಆಸರೆಯಿತ್ತು. ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಿದರೆ ಹಣ ಕಂತು ಕಂತಾಗಿ ಬರುತ್ತಿತ್ತು. 1996ರ ಹೊತ್ತಿಗೆ ಆ ವ್ಯವಸ್ಥೆ ಹೋಗಿ ಮುಕ್ತ ಮಾರಾಟ ಬಂತು. ಬೆಲೆ ಏರಿದರೂ ಇಳಿದರೂ ಅವನದೇ ಹೊಣೆ. ಗಾಲ್ಫ್ ಆಟಗಾರನಿಗಾದರೋ ಅಂಥ ಪೂಲ್ ಮೊದಲಿನಿಂದಲೂ ಇರಲಿಲ್ಲ.

ಹಾಗಾದರೆ ದುಡ್ಡಿದ್ದವರ ಮಕ್ಕಳಿಗೆ ಮಾತ್ರವೇ ಇದು? ಬಿಡದಿ ಬಳಿಯ ಹಳ್ಳಿಯ ಎಸ್. ಚಿಕ್ಕರಂಗಪ್ಪ ಅದಕ್ಕೆ ಉತ್ತರ. ಈಗಲ್‌ಟನ್ ಗಾಲ್ಫ್ ಅಂಗಳದಲ್ಲಿ ಚೆಂಡು ಹೆಕ್ಕುತ್ತ ಆಟ ಕಲಿತ ಹುಡುಗ, 2010ರಲ್ಲಿ ಇನ್ನೂ ಹವ್ಯಾಸಿಯಾಗಿದ್ದಾಗಲೇ ಬೆಂಗಳೂರಿನಲ್ಲಿ ವೃತ್ತಿಪರರ ಟೂರ್ನಿಯನ್ನು ಗೆದ್ದರು. ಆಗ ಹವ್ಯಾಸಿಗೆ ಬಹುಮಾನದ ಹಣ ಮುಟ್ಟುವಂತಿರಲಿಲ್ಲ. ಆದರೂ ಆ ಗೆಲುವು ದಾರಿ ತೋರಿಸಿತು.

ಬೆಂಗಳೂರಿನ ಅದಿತಿ ಅಶೋಕ್ 2016ರಲ್ಲಿ ಶಾಲೆ ಮುಗಿಸಿದರು. ಅದೇ ವರ್ಷ ಲೇಡೀಸ್ ಯುರೋಪಿಯನ್ ಟೂರ್‌ನಲ್ಲಿ ಮೊದಲ ಋತು ಆಡಿ, ಇಂಡಿಯನ್ ಓಪನ್ ಗೆದ್ದರು, ವರ್ಷದ ಹೊಸ ಪ್ರತಿಭೆ ಎನಿಸಿಕೊಂಡರು. ಆ ವರ್ಷದ ರಿಯೊ ಒಲಿಂಪಿಕ್ಸ್‌ನಲ್ಲಿ ಮಗಳ ಚೀಲ ಹೊತ್ತವರು ಅಪ್ಪ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಹೊತ್ತವರು ಅಮ್ಮ. ಅಲ್ಲಿ ಅದಿತಿ ನಾಲ್ಕನೆಯವರಾದರು. ಪದಕ ಕೂದಲೆಳೆಯಲ್ಲಿ ತಪ್ಪಿತು.

ಇವು ಗೆದ್ದವರ ಕಥೆಗಳು. ಇವನ್ನು ಕೇಳಿ ಹುಮ್ಮಸ್ಸುಗೊಂಡ ಮಗ ಅಥವಾ ಮಗಳು ನಿಮ್ಮ ಮುಂದೆ ನಿಂತರೆ ಕೂಡಲೇ ಬೈಯಬೇಡಿ. ಹಾಗೆಂದು ತೋಟ ಅಡವಿಡಲೂ ಓಡಬೇಡಿ. ಬೆಳೆಗಾರರು ಅರೇಬಿಕಾದ ನಡುವೆ ನೆರಳಿನ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸುತ್ತಾರಲ್ಲ, ಕಾಂಡಕೊರಕ ಗಿಡ ತಿಂದ ವರ್ಷ ಮನೆ ನಡೆಸುವುದು ಆ ಬಳ್ಳಿಯೇ. ಆಟದ ಜೊತೆ ಓದು ಅಂಥ ಬಳ್ಳಿಯಾಗಿರಲಿ. ಮತ್ತೆ, ಮಕ್ಕಳೇ, ಅಪ್ಪ ಅಮ್ಮನ ಜೊತೆ ಕುಳಿತು ಒಂದು ಹಾಳೆಯ ಮೇಲೆ ಬರೆಯಿರಿ: ಈ ವರ್ಷ ಹೂಮಳೆ ಕೈಕೊಟ್ಟರೆ ಬರುವ ವರ್ಷದ ಗೊಬ್ಬರಕ್ಕೆ ದುಡ್ಡೆಲ್ಲಿಂದ? ಕಳಸದಿಂದ ಚಿಕ್ಕಮಗಳೂರಿನವರೆಗೆ ಪ್ರತಿ ತೋಟದ ಮನೆಯಲ್ಲೂ ಈ ಪ್ರಶ್ನೆಗೆ ಉತ್ತರ ಹುಡುಕಿದ ಮೇಲೇ ಹೊಸ ಗಿಡ ನೆಡುತ್ತಾರೆ.